ಡಿಗ್ರಿ ಮಾಮನ ಹಳೆಯ ಕಾಲೇಜು

ಎಲ್ಲ ಹಾಳಾದದ್ದು ಒಂದು ‘ಹೂಂ’ನಿಂದ. ಪಕ್ಕದ ಮನೆಯ ಟೀಚರಮ್ಮ, "ಭಾನುವಾರ ನಿಮ್ಮ ಯೂನಿವರ್ಸಿಟಿ ನೋಡ್ಕೊಂಡು ಬರೋಣ, ನೀವೇ ಗೈಡು" ಎಂದಾಗ, ನೀರು ಸರಬರಾಜು ಕಚೇರಿಯ ಗುಮಾಸ್ತ ಡಿಗ್ರಿ ಮಾಮ ಬಾಯಿತಪ್ಪಿ ಹೂಂ ಅಂದುಬಿಟ್ಟ.

ಪುಣ್ಯಾತ್ಮ ಅಲ್ಲಿ ಓದಿರಲೇ ಇಲ್ಲ. ಅರ್ಜಿ ಕೊಡಲು ಒಂದೇ ಒಂದು ಸಲ ಹೋಗಿದ್ದ; ಅರ್ಜಿ ಅವನಿಗಿಂತ ಮೊದಲೇ ಮನೆಗೆ ವಾಪಸು ಬಂದಿತ್ತು. ಆದರೆ ಮದುವೆಯ ಮಾತುಕತೆಯಲ್ಲಿ, ಮಹಾಕವಿಗಳಿದ್ದ ಊರಿನಲ್ಲಿ ಸಾಹಿತ್ಯ ಓದಿದವನು ಎಂದು ಬೊಗಳೆ ಬಿಟ್ಟಿದ್ದ. ಕವಿತೆಯೆಂದರೆ ಜೀವ ಬಿಡುವ ಹುಡುಗಿ ಅದೊಂದೇ ಕಾರಣಕ್ಕೆ ಒಪ್ಪಿದಳು. ಅವನ ಗೊರಕೆ, ಸೋಮಾರಿತನ, ಸಿಡುಕು, ಎಲ್ಲವನ್ನೂ ಇಪ್ಪತ್ತೆರಡು ವರ್ಷ ಆ ಡಿಗ್ರಿಯ ಮುಖ ನೋಡಿ ಸಹಿಸಿದ್ದಳು. ಅದೇ ಸುಳ್ಳೆಂದು ಗೊತ್ತಾದರೆ ಸಂಸಾರ ಮೂರಾಬಟ್ಟೆ.

ಗಂಡ, ಹೆಂಡತಿ, ಟೀಚರಮ್ಮ, ಎದುರು ಮನೆಯ ಟೈಲರ್, ನಾಲ್ವರೂ ಬಸ್ಸಿಳಿದರು.

"ಎಲ್ಲಿ ಮಾಮ ನಿಮ್ಮ ಹಾಸ್ಟೆಲ್ಲು?" ಟೈಲರ್ ಶುರು ಹಚ್ಚಿಕೊಂಡ.

ಮಾಮ ಕಣ್ಣಿಗೆ ಬಿದ್ದ ಕೆಂಪು ಕಟ್ಟಡ ತೋರಿಸಿದ. "ಅದೇ. ಎರಡನೇ ಮಹಡಿ, ಮೂಲೆ ರೂಮು."

ಗೇಟಿನ ಕಾವಲುಗಾರ್ತಿ ಕಣ್ಣರಳಿಸಿದಳು. "ಸ್ವಾಮಿ, ಇದು ಕಟ್ಟಿದ ದಿನದಿಂದ ಹೆಣ್ಮಕ್ಕಳ ಹಾಸ್ಟೆಲ್ಲು."

"ಓಹೋ! ಮೇಲಕ್ಕೆ ಹೇಗೆ ಹತ್ತಿದ್ರಿ ಮಾಮ, ಪೈಪ್ ಹಿಡ್ಕೊಂಡಾ?" ಎಂದ ಟೈಲರ್.

ಹೆಂಡತಿ ನಗಲಿಲ್ಲ. "ಎಷ್ಟು ವರ್ಷ ಆಯ್ತು ಕಣೇ, ಮರ್ತೋಗಿದೆ" ಎಂದು ಮಾಮ ಬೆವರು ಒರೆಸಿಕೊಂಡ.

ಮುಂದೆ ತರಗತಿ. ಮಾಮ ಒಂದು ಬೆಂಚು ಸವರಿ, "ನಾನು ಕೂತ್ಕೋತಿದ್ದ ಜಾಗ" ಎಂದ. ಟೀಚರಮ್ಮ ಬಾಗಿಲ ಪಕ್ಕದ ಉದ್ಘಾಟನೆಯ ಕಲ್ಲನ್ನು ಗಟ್ಟಿಯಾಗಿ ಓದಿದರು. ಕಟ್ಟಡಕ್ಕಿನ್ನೂ ಒಂಬತ್ತು ವರ್ಷ.

"ಕಟ್ಟಡ ಹೊಸದು, ಬೆಂಚು ಹಳೇದು" ಎಂದ ಮಾಮ. ಬೆಂಚಿನ ಹಸಿ ಬಣ್ಣ ಅವನ ಅಂಗೈಗೆ ಅಂಟಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಅವನ ಪಕ್ಕ ಬಿಟ್ಟು ಟೀಚರಮ್ಮನ ಜೊತೆ ನಡೆಯತೊಡಗಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮಾಮನಿಗೆ.

ಕೊನೆಗೆ, ಈಗ ಮ್ಯೂಸಿಯಂ ಮಾಡಿರುವ ಮಹಾಕವಿಗಳ ಮನೆ. ಅವರು ಬರೆಯುತ್ತಿದ್ದ ಕೋಣೆಯ ಬಾಗಿಲಲ್ಲಿ ಒಬ್ಬ ಮುದುಕ ಅಟೆಂಡರ್ ಸ್ಟೂಲಿನ ಮೇಲೆ ಕೂತಿದ್ದ. ಟೈಲರ್ ಬಿಡುತ್ತಾನೆಯೇ?

"ತಾತ, ಇವ್ರು ಇಲ್ಲಿಯ ಹಳೇ ಸ್ಟೂಡೆಂಟು. ಗುರ್ತು ಸಿಕ್ತಾ?"

ಮುದುಕ ಕನ್ನಡಕ ಏರಿಸಿ ನೋಡಿದ. "ಅಯ್ಯೋ, ಈ ಮುಖ ಮರೆಯೋಕಾಗುತ್ತಾ!"

ಮಾಮನಿಗೆ ಹೋದ ಜೀವ ಬಂತು. ಬೆಳಗಿನಿಂದ ಗಂಟಿಕ್ಕಿದ್ದ ಹೆಂಡತಿಯ ಮುಖವೂ ಅರಳಿತು. ಮುದುಕನ ಕಾಲಿಗೆ ಬಿದ್ದುಬಿಡೋಣ ಎನ್ನುವಷ್ಟರಲ್ಲಿ ಅವನೇ ಎದ್ದು ಮಾಮನ ರಟ್ಟೆ ಹಿಡಿದ.

"ಕವಿಗಳ ಪೆನ್ನು ಕದ್ದು ಓಡಿದವನು ನೀನೇ ಅಲ್ವಾ? ಈ ಸಲ ಬಿಡಲ್ಲ. ಯಾರಲ್ಲಿ, ಬಾಗಿಲು ಹಾಕ್ರೋ, ಪೊಲೀಸರನ್ನ ಕರೀರಿ!"

ಟೀಚರಮ್ಮ ತಮ್ಮ ಚೀಲವನ್ನು ಎದೆಗವಚಿಕೊಂಡರು. ಠಾಣೆ, ಕೋರ್ಟು, ಹೋದ ಕೆಲಸ, ಎಲ್ಲವೂ ಮಾಮನ ಕಣ್ಣಮುಂದೆ ಸುಳಿದುಹೋಯಿತು.

"ನಾನಲ್ಲ!" ಎಂದು ಕಿರುಚಿದ. "ನಾನಿಲ್ಲಿ ಓದೇ ಇಲ್ಲ! ನನ್ನ ಅರ್ಜೀನೇ ತಗೊಳ್ಳಲಿಲ್ಲ! ಡಿಗ್ರಿ ಗಿಗ್ರಿ ಎಲ್ಲ ಸುಳ್ಳು, ನನ್ನ ಹೆಂಡತಿ ಆಣೆಗೂ ಸುಳ್ಳು! ಬೇಕಾದ್ರೆ ರಿಜಿಸ್ಟರ್ ತೆಗೆಸಿ ನೋಡಿ!"

ಮುದುಕ ಪೆಚ್ಚಾಗಿ ರಟ್ಟೆ ಬಿಟ್ಟ.

"ಅಯ್ಯಯ್ಯೋ, ತಮಾಷೆ ಸ್ವಾಮಿ! ಹಳೇ ಸ್ಟೂಡೆಂಟ್ ಯಾರೇ ಬರಲಿ, ಹಿಂಗೇ ಹೇಳ್ತೀನಿ. ಎಲ್ರೂ 'ಹೌದು ತಾತ, ನಾನೇ ಆ ಕಳ್ಳ' ಅಂತ ತಬ್ಕೊಂಡು ಫೋಟೋ ತೆಗೆಸ್ಕೋತಾರೆ. ಪೆನ್ನು ನೋಡಿ, ಅಲ್ಲೇ ಇದೆ."

ಪೆನ್ನು ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಯಾರೂ ಅತ್ತ ನೋಡಲಿಲ್ಲ.

ಟೀಚರಮ್ಮ ಕೆಮ್ಮಿದರು. "ಐದಕ್ಕೆ ಬಸ್ಸಿದೆ. ನಾಲ್ಕು ಟಿಕೆಟ್ ತಗೊಳ್ಳೋದಾ?"

"ಮೂರು ಸಾಕು" ಎಂದಳು ಹೆಂಡತಿ.