ಕಾಲಿಗೆ ಕಟ್ಟಲು ಮನೆಯಲ್ಲೇನಿದೆ?

ದಪ್ಪಗಿರುವವರ ಮೊಣಕಾಲು ನೊಂದರೆ ಯಾರೂ ಅಯ್ಯೋ ಎನ್ನುವುದಿಲ್ಲ. ತೆಳ್ಳಗಿನವರಿಗೆ ಬಂದರೆ ಅದು ರೋಗ, ನಮ್ಮಂಥವರಿಗೆ ಬಂದರೆ ಅದು ಶಿಕ್ಷೆ. ‘ಜರಾ ಕಮ್ಮಿ ಉಣ್ರಿ ಅಕ್ಕೋರ’ ಎಂದು ಹೇಳಲು ಡಾಕ್ಟರೇ ಆಗಬೇಕೆಂದಿಲ್ಲ; ಬೀದರಿನ ಮಗ್ಗುಲ ನಮ್ಮ ನೌಬಾದಿನಲ್ಲಿ ಹಾಲು ಹಾಕುವವನೂ ಹೇಳುತ್ತಾನೆ, ಹಾಲು ಅಳೆಯುತ್ತಲೇ.

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವಳು ನಾನೊಬ್ಬಳೇ. ಈ ಮಾತನ್ನು ಎಲ್ಲಿಯಾದರೂ ಹೇಳದೆ ಬಿಡುವವಳಲ್ಲ, ಆದ್ದರಿಂದ ಮೊದಲೇ ಹೇಳಿಬಿಟ್ಟೆ. ಹೈದರಾಬಾದಿನಲ್ಲಿ ಬಂಧುಗಳ ಮನೆಯ ಮುಸುರೆ ತಿಕ್ಕಿ, ಉರ್ದುವಿನಲ್ಲಿ ಇತಿಹಾಸ ಓದಿ ಬಂದವಳು. ಅಷ್ಟರಲ್ಲಿ ಬೀದರು ಮೈಸೂರು ರಾಜ್ಯಕ್ಕೆ ಸೇರಿ, ಔರಾದಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಅದೇ ಇತಿಹಾಸವನ್ನು ಕನ್ನಡದಲ್ಲಿ ಕಲಿಸುವ ನೌಕರಿ ಸಿಕ್ಕಿತು. ಅಕ್ಬರನನ್ನು ಕನ್ನಡಕ್ಕೆ ತರುವುದು ಕಷ್ಟವಾಗಲಿಲ್ಲ. ನನ್ನನ್ನು ಬಸ್ಸಿಗೆ ಹತ್ತಿಸುವುದು ಕಷ್ಟವಾಯಿತು.

ನೌಬಾದಿನಿಂದ ನಾನು ಹಿಡಿಯುತ್ತಿದ್ದ ಔರಾದಿನ ಬಸ್ಸಿನ ಮೆಟ್ಟಿಲು ಕುದುರೆ ಏರುವವರಿಗೆಂದು ಮಾಡಿದ್ದಿರಬೇಕು. ಕಾಲೆತ್ತಿದರೆ ಮೊಣಕಾಲಲ್ಲಿ ಚಾಕು ತಿರುವಿದಂತಾಗುತ್ತಿತ್ತು. ಕಂಡಕ್ಟರು ದಿನಾ ಕೂಗುತ್ತಿದ್ದ: “ಅಕ್ಕೋರು ಬಂದ್ರು, ಜರಾ ಕೈ ಹಚ್ಚರಿ!” ಮೇಲಿನಿಂದ ಇಬ್ಬರು ಎಳೆಯುವವರು, ಕೆಳಗಿನಿಂದ ಹೆಂಗಸರು ನೂಕುವವರು. ಹತ್ತಿಯ ಅಂಡಿಗೆಗೂ ಇದಕ್ಕಿಂತ ಮರ್ಯಾದೆ. ಎಳೆಯುವವರಲ್ಲೊಬ್ಬರು ನನ್ನ ತರಗತಿಯ ಹುಡುಗಿಯ ತಂದೆ. ಆ ಹುಡುಗಿ ಪಾಠ ಒಪ್ಪಿಸದಿದ್ದರೂ ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ.

ಸುದ್ದಿ ಭಾಲ್ಕಿಯಲ್ಲಿದ್ದ ನನ್ನ ಅಣ್ಣನಿಗೆ ಮುಟ್ಟಿತು. ಮುಂದಿನ ರೈಲಿಗೇ ಬಂದ. “ಸಾಕು ಬಿಡು ತಂಗಿ, ಈ ನೌಕ್ರಿ. ಬಸ್ ಹತ್ಲಿಕ್ಕಿ ಬರಲ್ಲ, ಸಾಲಿ ಹ್ಯಾಂಗ ಕಲಸ್ತಿ? ದೀಪಾವಳಿ ತನಕ ನೋಡ್ತೇನಿ, ಆಮ್ಯಾಲ ರಾಜೀನಾಮ ಕೊಡು.” ಮುಸುರೆ ತಿಕ್ಕಿ ಗಳಿಸಿದ ಪದವಿ ಒಂದು ಮೆಟ್ಟಿಲಿಗೆ ಸೋಲುವುದೆಂದರೇನು?

ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರ ಬಳಿ ಹೋದೆ. ನಾಲ್ಕು ದಿನ ಮಲಗಿರಿ ಎನ್ನುತ್ತಾರೆಂದು ಆಸೆಯಿತ್ತು. “ಮಲಗಿದ್ರೆ ಮಂಡಿ ಇನ್ನೂ ಕೆಡುತ್ತೆ ಕಣಮ್ಮ. ನಿಮ್ಮ ಭಾರ ಹೊರಬೇಕಾದ್ದು ತೊಡೆ. ಅದು ಮೈಗಳ್ಳತನ ಮಾಡ್ತಿದೆ, ಮಂಡಿ ಒದ್ದಾಡ್ತಿದೆ. ಕುರ್ಚಿ ಮೇಲೆ ಕೂತು ಕಾಲನ್ನ ನಿಧಾನವಾಗಿ ಚಾಚಿ ಇಳಿಸಿ. ಅಭ್ಯಾಸವಾದ ಮೇಲೆ ಪಾದದ ಹತ್ತಿರ ಸ್ವಲ್ಪ ಭಾರ ಕಟ್ಟಿ, ಬರಬರ್ತಾ ಹೆಚ್ಚಿಸಿ” ಎಂದರು.

ಬರಿಗಾಲು ಎತ್ತುವುದು ಸುಸೂತ್ರವಾಗಿ ನಡೆಯಿತು. ಭಾರ ಕಟ್ಟುವ ದಿನ ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. ನಾನು ಚೀಲಕ್ಕೆ ಜೋಳ ತುಂಬುತ್ತಿದ್ದೆ.

“ಅನ್ನದೇವರಿಗಿ ಕಾಲಿಗಿ ಕಟ್ಕೋತಿ? ಬಿ.ಎ.ದಾಗ ಇದೇ ಕಲ್ಸ್ಯಾರೇನು?”

ಸರಿ, ಉಸುಕು ಎಂದೆ. “ಮಾಂಜ್ರಾ ಹೊಳಿ ತಾಯಿದು ಉಸುಕು! ಗಂಗವ್ವ ನಿನ್ನ ಕಾಲಾಗ ಇರಬೇಕೇನು?” ಪುಸ್ತಕವೆಂದರೆ ಸರಸ್ವತಿ. ಕಬ್ಬಿಣವೆಂದರೆ ಶನಿ. ಅಂಗಳದ ಕಲ್ಲಿಗೆ ಕೈ ಹಾಕಿದರೆ, “ಅದು ನಾಳಿ ದೇವರಾದ್ರ ಏನ್ ಮಾಡ್ತಿ?” ನಮ್ಮದು ಎರಡು ಖೋಲಿಯ ಮನೆ, ಅದರಲ್ಲಿ ಇಷ್ಟು ದೇವರು ತುಂಬಿಕೊಂಡಿದ್ದಾರೆಂದು ನನಗೆ ಅಂದೇ ಗೊತ್ತಾದದ್ದು.

ಪಕ್ಕದ ಮನೆಯ ಹಾಜ್ರಾ ಖಾಲಾ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡು ಬಂದರು. ಅವ್ವನ ಟ್ರಂಕಿನಲ್ಲಿ ನಿಜಾಮರ ಕಾಲದ ತಾಮ್ರದ ನಾಣ್ಯಗಳ ಗಂಟಿರುವುದು ಅವರೊಬ್ಬರಿಗೇ ಗೊತ್ತಿತ್ತು. ಊರೆಲ್ಲ ಹಳೆಯ ನಾಣ್ಯ ಕೊಟ್ಟು ಹೊಸದು ತಂದಾಗ ಅವ್ವ ಮಾತ್ರ, ಹೋದ ಸರಕಾರ ತಿರುಗಿ ಬಂದರೆ ಇರಲಿ ಎಂದು ಬಚ್ಚಿಟ್ಟಿದ್ದಳು.

“ಓ ಸಿಕ್ಕೇ ಬಾಂಧೋ ಬಹೆನ್, ಆ ನಾಣ್ಯ ಕಟ್ರಿ” ಎಂದರು ಖಾಲಾ.

“ಹಾಯ್, ಲಕ್ಷ್ಮಿ ಅದಾಳ ಅದ್ರಾಗ!”

“ಚಲ್ತೇ ನೈ ಸೋ ಸಿಕ್ಕೇ, ಕಾಯ್ಕಿ ಲಕ್ಷ್ಮಿ? ನಡೀಲಾರದ ರೊಕ್ಕದಾಗ ಎಲ್ಲೀ ಲಕ್ಷ್ಮಿ? ಬಾಜಾರದಾಗ ಒಂದು ಉಳ್ಳಾಗಡ್ಡಿ ಕೊಡ್ತಾರೇನು ನೋಡ್ರಿ!”

ಅವ್ವ ಸೆರಗಿನ ಗಂಟಿನಿಂದ ಕೀಲಿಕೈ ಬಿಚ್ಚಿದಳು. ಆಮೇಲೆ ಟ್ರಂಕು ತೆಗೆದಳು. “ಆ ಸರಕಾರ ಇನ್ನ ಬರೂದಿಲ್ಲ, ತೊಗೊ. ನನ್ನ ಮಗಳ ನೌಕ್ರಿಯರೆ ಉಳೀಲಿ” ಎಂದು ನಾಣ್ಯಗಳನ್ನು ಚೀಲಕ್ಕೆ ಸುರಿದು, ನನ್ನ ಕಾಲಿಗೆ ತಾನೇ ಬಿಗಿದು ಕಟ್ಟಿದಳು.

ದಿನಾ ಬೆಳಿಗ್ಗೆ ನಿಜಾಮರ ಖಜಾನೆಯನ್ನು ಎತ್ತಿ ಇಳಿಸಿದೆ. ವಾರ ಕಳೆದಂತೆ ಅವ್ವ ಒಂದೊಂದು ಹಿಡಿ ಹೆಚ್ಚು ಹಾಕುವಳು, ಸಾರಿಗೆ ಉಪ್ಪು ಹಾಕುವ ಎಚ್ಚರದಲ್ಲಿ. ಮೈಭಾರವೇನೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅದನ್ನು ಹೊರುವ ಕಸುವು ಕಾಲಿಗೆ ಬಂತು. ಮೊದಲು ಕೈಯೂರದೆ ಕುರ್ಚಿಯಿಂದ ಎದ್ದೆ, ಆಮೇಲೆ ಸಾಲೆಯ ಕಟ್ಟೆ ಹತ್ತಿದೆ.

ದೀಪಾವಳಿಗೆ ಮೊದಲು ಅಣ್ಣ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೈ ಕಟ್ಟಿ ನಿಂತ. ಕಂಡಕ್ಟರು ಕೂಗಲು ಬಾಯಿ ತೆರೆಯುವಷ್ಟರಲ್ಲಿ ನಾನು ಸರಳನ್ನು ಹಿಡಿದು ಒಂದೇ ಉಸಿರಿಗೆ ಮೇಲೇರಿದ್ದೆ. ಚಾಚಿದ್ದ ಕೈಗಳು ಚಾಚಿದಂತೆಯೇ ಉಳಿದವು. ಅಣ್ಣ ಕೆಳಗಿನಿಂದ, “ಹೋಗಿ ಬಾ, ಸಂಜಿಗಿ ಸ್ಟ್ಯಾಂಡಿಗಿ ಬರ್ತೇನಿ” ಎಂದ. ರಾಜೀನಾಮೆಯ ಮಾತೆತ್ತಲಿಲ್ಲ.

ಒಳಗೆ ನೋಡಿದರೆ ಬಸ್ಸು ತುಂಬಿತ್ತು. ಇಷ್ಟು ದಿನ ನನ್ನನ್ನು ಎಳೆದುಕೊಂಡವರೇ ಎದ್ದು ಜಾಗವನ್ನೂ ಕೊಡುತ್ತಿದ್ದರು. ಈಗ ನನ್ನ ತರಗತಿಯ ಆ ಹುಡುಗಿಯ ತಂದೆ ಕಾಲ ಮೇಲೆ ಕಾಲು ಹಾಕಿ, “ಆರಾಮ ಆದ್ರಿ ಅಕ್ಕೋರ, ಭಾಳ ಖುಷಿ ಆಯ್ತು” ಎಂದು ಕೂತಲ್ಲೇ ಕೈ ಮುಗಿದರು. ನಡುದಾರಿಯ ಸಂತಪುರ ಬರುವಷ್ಟರಲ್ಲಿ ಒಮ್ಮೆ ಸಣ್ಣಗೆ ನರಳಿ ನೋಡೋಣವೆನಿಸಿತು. ಆದರೆ ಗೆದ್ದ ಹೆಮ್ಮೆ ಗಂಟಲಿಗೆ ಅಡ್ಡ ಬಂತು. ಹಾಗೆಯೇ ಬೀಗುತ್ತ, ಬೆವರುತ್ತ, ಔರಾದಿನ ತನಕ ನಿಂತೇ ಹೋದೆ.