ಗಿಳಿಗೂ ನನಗೂ ನಡುವೆ ಹನ್ನೆರಡು ಫರಸಿ

ಮಕ್ಕಳಿಗೆ ಊಟ ಮಾಡಿಸುವಾಗ ಹೇಳುವ ಸುಳ್ಳು ಉಪ್ಪಿನಕಾಯಿಯ ಹಾಗೆ ತುತ್ತು ಒಳಗಿಳಿಯಲು ಬೇಕಾದ ಸಾಮಾನು, ತುತ್ತು ಇಳಿದ ಮೇಲೆ ಅದನ್ನು ಯಾರೂ ನೆನೆಸುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನನ್ನ ಮಗಳು ಗೌರಿ ಮೂರು ವರ್ಷದವಳಿದ್ದಾಗ ಬೇಳೆ ಅನ್ನ ಕಂಡರೆ ಸಾಕು, ತುಟಿ ಬಿಗಿದು ಕೂರುತ್ತಿದ್ದಳು. ಆ ತುಟಿ ತೆರೆಸಲು ನಾನು ಒಂದು ಗಿಳಿಯನ್ನು ಹುಟ್ಟಿಸಿದೆ. ಬೀದರಿನಲ್ಲಿ ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮಹಾ ಸಿಟ್ಟಿನ ಗಿಳಿಯೊಂದಿತ್ತು. ಯಾರಿಗೂ ಬಗ್ಗದ ಅದನ್ನು ನಾನೊಬ್ಬನೇ ಪಳಗಿಸಿದೆ. ಅದು ನನ್ನ ಹೆಗಲ ಮೇಲೆ ಕೂತು ಶಾಲೆಗೆ ಬರುತ್ತಿತ್ತು. ಮಾಸ್ತರರು ಹಾಜರಿ ಕರೆದರೆ ನನಗಿಂತ ಮೊದಲು ಅದೇ 'ಹಾಜರ್ ರೀ' ಅನ್ನುತ್ತಿತ್ತು. ದಿನಕ್ಕೆ ಎರಡು ಊಟ, ಊಟಕ್ಕೊಂದು ಅಧ್ಯಾಯ. ಬೇಳೆ ಅನ್ನ ಖಾಲಿಯಾಗುವ ಹೊತ್ತಿಗೆ ನಾನು ಬೀದರಿನ ಶೂರನಾಗಿದ್ದೆ.

ನಿಜವೇನೆಂದರೆ ಗಿಳಿ ಇತ್ತು, ಎದುರು ಮನೆಯಲ್ಲಿ. ಅದು ನನ್ನ ಹೆಗಲ ಮೇಲೆ ಕೂತದ್ದೂ ಹೌದು, ಒಂದೇ ಒಂದು ಸಲ. ಕೂತದ್ದೇ ನನ್ನ ಎಡಗಿವಿಯನ್ನು ಪೇರಲ ಹಣ್ಣೆಂದು ತಿಳಿದು ಕಚ್ಚಿ ಹಿಡಿಯಿತು. ಬಿಡಿಸಲು ಇಬ್ಬರು ಗಂಡಸರು ಬೇಕಾದರು. ಕಿವಿಯ ತುದಿಯಲ್ಲಿ ಈಗಲೂ ಒಂದು ಕಚ್ಚು ಇದೆ. ಅದೇನೆಂದು ಗೌರಿ ಕೇಳಿದಾಗ ಕ್ರಿಕೆಟ್ ಚೆಂಡು ಬಡಿದದ್ದು ಎಂದಿದ್ದೇನೆ. ಅಂದಿನಿಂದ ರೆಕ್ಕೆ ಬಡಿವ ಯಾವ ಪ್ರಾಣಿ ಹತ್ತಿರ ಬಂದರೂ ನನ್ನ ಕೈ ತಾನಾಗಿ ಕಿವಿಗೆ ಹೋಗುತ್ತದೆ.

ಹೆದರುವುದು ನನ್ನ ಹುಟ್ಟುಗುಣ. ಸುದೈವದಿಂದ ಅದಕ್ಕೆ ಸಂಬಳ ಕೊಡುವವರೂ ಸಿಕ್ಕರು. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಕೈಕೊಡಬಹುದು ಎಂದು ಎಲ್ಲರಿಗಿಂತ ಮೊದಲೇ ಹೆದರಿ ಬರೆದುಕೊಡಬೇಕು. ಊರಿನಲ್ಲಿ ಪುಕ್ಕಲ ಎನಿಸಿಕೊಂಡ ಗುಣಕ್ಕೆ ಇಲ್ಲಿ ಎರಡು ಪ್ರಮೋಷನ್ ಬಂದಿವೆ. ಆಫೀಸು ಆರನೇ ಮಹಡಿಯಲ್ಲಿದೆ. ನಾನು ಮೆಟ್ಟಿಲು ಹತ್ತಿಯೇ ಹೋಗುತ್ತೇನೆ, ಏಕೆಂದರೆ ಲಿಫ್ಟು ಎಂದರೆ ನನಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಪೆಟ್ಟಿಗೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿಟ್ಟಿದ್ದೇನೆ, ಎಲ್ಲರೂ ನಂಬಿದ್ದಾರೆ. ನನ್ನ ಹೆಂಡತಿ ಸುಮಂಗಲಾ ಮಾತ್ರ ನಂಬಿಲ್ಲ. ಗೌರಿಗೆ ಹತ್ತು ತುಂಬಲು ಬಂದಿದ್ದ ಆ ದಿನಗಳಲ್ಲಿ ಗಚ್ಚಿಬೌಲಿಯ ಬಂಡೆಗಳನ್ನು ಒಡೆದು ಒಡೆದು ಅಪಾರ್ಟ್‌ಮೆಂಟು ಏಳಿಸುತ್ತಿದ್ದರು. ನನ್ನ ಜೊತೆಯವರೆಲ್ಲ ಮನೆ ಬುಕ್ ಮಾಡಿ ಬಂದು ಸಿಹಿ ಹಂಚುತ್ತಿದ್ದರು. ಸುಮಂಗಲಾ ಕೂಡ ಒಂದು ಮನೆ ನೋಡಿ ಬಂದಿದ್ದಳು, ಹನ್ನೊಂದನೇ ಮಹಡಿಯದು. "ಗಾಳಿ ಭಾಳ ಛಂದ ಬರ್ತೈತ್ರೀ. ನೀವು ಒಮ್ಮೆ ಬಂದು ನೋಡ್ರಿ" ಎಂದಳು. ನಾನು ನಾವಿರುವ ಮೆಹದಿಪಟ್ಟಣಂ ಮಾರ್ಕೆಟ್ಟಿನ ಅನುಕೂಲಗಳನ್ನು ಅರ್ಧ ಗಂಟೆ ವರ್ಣಿಸಿ, ಈ ಗಲ್ಲಿಯ ನೆಲಮನೆಯೇ ಸ್ವರ್ಗ ಎಂದು ಸಾಧಿಸಿ ಪಾರಾದೆ.

ಹೀಗಿರುವಾಗ ಒಂದು ಭಾನುವಾರ ಕಲಬುರಗಿಯಿಂದ ನನ್ನ ಹೆಂಡತಿಯ ತಮ್ಮ ಬಸವರಾಜ ಬಂದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಏನೋ ಒಂದು. ಬಟ್ಟೆ ತೆಗೆದ. ಪಂಜರ. ಒಳಗೆ ಹಸಿರು ಮೈ, ಹಳದಿ ನೆತ್ತಿಯ ಗಿಳಿ. ಅದು ತಲೆ ಓರೆ ಮಾಡಿ ಮನೆಯವರನ್ನೆಲ್ಲ ನೋಡುತ್ತ ಬಂದು ನನ್ನ ಎಡಗಿವಿಯ ಮೇಲೆ ಕಣ್ಣು ನಿಲ್ಲಿಸಿತು. "ಭಾವಾರ, ನಿಮಗಂತನ ತಂದೀನಿ. ಗೆಳೆಯನ ಮನ್ಯಾಗಿತ್ತು, ಅವನಿಗೆ ವರ್ಗ ಆತು. ನೀವು ಗಿಳಿ ಪಳಗಿಸೂದ್ರಾಗ ಉಸ್ತಾದ್ ಅಂತ ಗೌರಿ ಫೋನಿನ್ಯಾಗ ಹೇಳ್ಯಾಳ" ಎಂದ. ಗಿಳಿ ಸಾಕುವುದು ಕಾನೂನಿಗೆ ವಿರುದ್ಧವಲ್ಲವೇ ಎಂದು ಆಸೆಯಿಂದ ಕೇಳಿದೆ. "ಕಾಡಿನ ಗಿಳಿ ಸಾಕಬಾರ್ದರಿ. ಇದು ಹೊರದೇಶದ್ದು, ಏನೂ ಚಿಂತಿ ಇಲ್ಲ" ಎಂದು ಬಸವರಾಜ ಆ ಬಾಗಿಲನ್ನೂ ಮುಚ್ಚಿದ. ಗೌರಿ ಕುಣಿದಾಡುತ್ತ, "ಅಪ್ಪಾ, ನನ್ನ ಬರ್ತಡೇಕ್ಕ ಗೆಳತ್ಯಾರೆಲ್ಲ ಬರ್ತಾರ. ಗಿಳಿ ನಿನ್ನ ಹೆಗಲ ಮ್ಯಾಲ ಕುಂದರೂದು ತೋರಸ್ತೀನಿ ಅಂತ ಸಾಲ್ಯಾಗ ಹೇಳಿಬಿಡ್ತೀನಿ" ಎಂದಳು. ಮಾರನೆಯ ದಿನವೇ ಹೇಳಿಯೂ ಬಿಟ್ಟಳು. ಹುಟ್ಟುಹಬ್ಬಕ್ಕೆ ಮೂರು ವಾರ ಇತ್ತು.

ಕೊಕ್ಕಿನ ಹೆದರಿಕೆ ನನಗೆ ಹಳೆಯದು, ಅದರ ಜೊತೆ ಬದುಕುವುದು ಗೊತ್ತಿತ್ತು. ಈಗ ಬಂದದ್ದು ಅದಕ್ಕಿಂತ ದೊಡ್ಡ ಹೆದರಿಕೆ. ಇಡೀ ಪ್ರಪಂಚದಲ್ಲಿ ನನ್ನನ್ನು ಧೈರ್ಯವಂತ ಎಂದು ತಿಳಿದಿದ್ದ ವ್ಯಕ್ತಿ ಒಬ್ಬಳೇ, ಗೌರಿ. ಅವಳಿಗೆ ಹತ್ತು ತುಂಬುವ ದಿನ, ಅವಳ ಗೆಳತಿಯರ ಎದುರಿಗೇ, ಅಪ್ಪ ಪುಕ್ಕಲ ಮಾತ್ರವಲ್ಲ ಸುಳ್ಳನೂ ಹೌದು ಎಂದು ಗೊತ್ತಾಗಲಿತ್ತು. ಆಫೀಸಿನಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಗಿಳಿಯ ಕೊಕ್ಕಿನ ಬಲ ಎಷ್ಟೆಂದು ಹುಡುಕಿದೆ. ಹುಡುಕಬಾರದಿತ್ತು. ಅಂದು ಮಧ್ಯಾಹ್ನ ಡಬ್ಬಿಯಲ್ಲಿದ್ದ ಗಿಳಿಹಸಿರಿನ ಮೆಣಸಿನಕಾಯಿ ಕಂಡರೂ ಮೈ ಜುಮ್ಮೆಂದಿತು.

ಮೊದಲ ಪ್ರಯತ್ನ ಬುಧವಾರ ಸಂಜೆ ನಡೆಯಿತು. ಗೌರಿ ನೋಡುತ್ತಿದ್ದಳಾದ್ದರಿಂದ ಬೇರೆ ದಾರಿ ಇರಲಿಲ್ಲ. ಒಂದು ಶೇಂಗಾ ಬೀಜವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಮುಖವನ್ನು ಇನ್ನೊಂದು ಕಡೆ ತಿರುಗಿಸಿ, ಕೈ ಮುಂದೆ ಚಾಚಿದೆ. ಗಿಳಿ ಒಂದು ಹೆಜ್ಜೆ ಸರಿದು ಬಂತು, ಅಷ್ಟೆ. ನಾನು ಹಾಕಿದ ಕೂಗಿಗೆ ಮೇಲಿನ ಮಹಡಿಯಿಂದ ಮನೆಯ ಮಾಲೀಕರಾದ ಕರೀಂ ಚಾಚಾ ಚಪ್ಪಲಿ ಇಲ್ಲದೆ ಓಡಿಬಂದರು. "ಅದು ಅಂಜತೈತೋ ಇಲ್ಲೋ ಅಂತ ನೋಡಿದೆ" ಎಂದು ಸಮಜಾಯಿಷಿ ಕೊಟ್ಟೆ. ಗಿಳಿ ನನ್ನ ಕೈಯಿಂದ ಜಾರಿದ ಶೇಂಗಾದ ಸಿಪ್ಪೆ ಬಿಡಿಸಿ ತಿನ್ನುತ್ತಿತ್ತು.

ಚಾಚಾ ಹುಮನಾಬಾದಿನ ಕಡೆಯವರು, ಹರೆಯದಲ್ಲಿ ಪಾರಿವಾಳ ಸಾಕಿದವರು. ಸುಮಂಗಲಾ ಕೊಟ್ಟ ಚಹಾ ಕುಡಿಯುತ್ತ ಅವರು ತಮ್ಮ ವಿದ್ಯೆಯನ್ನು ಬಿಚ್ಚಿದರು. ನಮ್ಮ ಮನೆ ರೈಲಿನ ಡಬ್ಬಿಯಂತೆ ಉದ್ದಕ್ಕಿದೆ. ಬಾಗಿಲಿನಿಂದ ಪಂಜರವಿಟ್ಟ ಕಿಟಕಿಯವರೆಗೆ ನೆಲಕ್ಕೆ ಶಹಾಬಾದಿ ಹಾಸುಗಲ್ಲಿನ ಹನ್ನೆರಡು ಫರಸಿಗಳಿವೆ. "ಮೊದಲನೇ ದಿನ ಬಾಗಿಲ ಹತ್ರ ಕೂಡೂದು. ದಿನಾ ಒಂದೊಂದ ಫರಸಿ ಮುಂದ ಸರಿಯೂದು. ಅದೇ ಟೈಮ್, ಅದೇ ಖುರ್ಚಿ. ಕಣ್ಣಾಗ ಕಣ್ಣಿಟ್ಟು ನೋಡೂದು ನಕ್ಕೋ, ಬ್ಯಾಡ. ಅದಕ್ಕ ಸೇರೂ ತಿನಿಸು ಬಾಜೂಕ ಇರ್ಲಿ. ಅಂಜಿದ ಜೀವಕ್ಕ ಅವಸರ ಮಾಡೂದು ನಕ್ಕೋ, ತಾನ ಬರ್ತೈತಿ" ಎಂದರು. ಹೇಳುವಾಗ ಚಾಚಾ ಪಂಜರದ ಕಡೆ ನೋಡುತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. "ಗೊತ್ತೈತ್ರಿ ಚಾಚಾ, ಬೀದರದಾಗ ನಾ ಮಾಡಿದ್ದೂ ಇದನ್ನ" ಎಂದೆ. ಗೌರಿ ತಲೆ ತಗ್ಗಿಸಿದಳು. ಹೆಮ್ಮೆಯಿಂದ ಎಂದುಕೊಂಡೆ.

ನಾಳೆಯಿಂದ ಶುರು ಎಂದು ಘೋಷಿಸಿದೆ. ನಾಳೆಗೆ ನಾಡಿದ್ದು, ನಾಡಿದ್ದಿಗೆ ಆಚೆನಾಡಿದ್ದು ಸೇರುತ್ತ ಹೋಯಿತು. ಸಂಜೆ ಕಂಪನಿಯ ಕ್ಯಾಬಿನಿಂದಿಳಿದು, ಗಿಳಿ ಕಾಣದಂತೆ ಪೇಪರನ್ನು ಮುಖದ ಮುಂದೆ ಅಗಲವಾಗಿ ಹರಡಿಕೊಂಡು ಕೂತುಬಿಡುತ್ತಿದ್ದೆ. ಆ ದಿನಗಳಲ್ಲಿ ಮನೆಯಲ್ಲಿ ನನಗೆ ವಿಪರೀತ ಉಪಚಾರ. ಚಹಾದ ಜೊತೆ ದಿನಾ ಬಿಸಿಬಿಸಿ ಮಿರ್ಚಿ ಭಜಿ. ಖುರ್ಚಿಯ ಮಾತ್ರ ಒಂದೊಂದು ದಿನ ಒಂದೊಂದು ತಕರಾರು. "ಅಲ್ಲಿ ಈಗ ಒರಸೀನಿ, ಇನ್ನೂ ಆರಿಲ್ಲ, ಇಲ್ಲೆ ಕೂಡ್ರಿ" ಎಂದು ಸುಮಂಗಲಾ ಒಂದು ದಿನ. "ಅಲ್ಲಿ ಫ್ಯಾನಿನ ಗಾಳಿ ಬರಂಗಿಲ್ಲ" ಎಂದು ಇನ್ನೊಂದು ದಿನ. "ಪೇಪರ್ ಓದಾಕ ಇಲ್ಲಿ ಬೆಳಕು ಛಲೋ ಐತಿ ನೋಡಪ್ಪಾ" ಎಂದು ಗೌರಿ ಮತ್ತೊಂದು ದಿನ. ಭಜಿ ಇದ್ದಲ್ಲಿ ನಾನು ಕೂರುತ್ತಿದ್ದೆ. ಫರಸಿಗಳ ಮೇಲೆ ಗೌರಿ ಚಾಕ್‌ಪೀಸಿನಲ್ಲಿ ಅಂಕಿ ಬರೆದಿದ್ದಳು. ಮನೆಯೊಳಗೆ ಕುಂಟಬಿಲ್ಲೆ ಆಡುತ್ತೀಯಾ ಎಂದು ಒಮ್ಮೆ ಗದರಿದ್ದೆ.

ಒಂದು ಸಂಜೆ ಪೇಪರಿನ ಮೂಲೆಯನ್ನು ಯಾರೋ ಜಗ್ಗಿದಂತಾಯಿತು. ಗೌರಿ ಎಂದುಕೊಂಡು "ಬಿಡವಾ" ಎಂದೆ. ಬಿಡಲಿಲ್ಲ. ಪೇಪರು ಇಳಿಸಿ ನೋಡಿದರೆ ನನ್ನ ಮೊಣಕಾಲು ಪಂಜರಕ್ಕೆ ತಗುಲಿಕೊಂಡಿದೆ, ಗಿಳಿ ಸರಳಿನ ಸಂದಿಯಿಂದ ಕೊಕ್ಕು ಚಾಚಿ ಷೇರು ಪೇಟೆಯ ಪುಟವನ್ನು ಸೀಳುತ್ತಿದೆ! ಓಡಿ ಹೋಗುವವನೇ ಇದ್ದೆ. ಆದರೆ ಒಂದು ತೊಡೆಯ ಮೇಲೆ ಚಹಾದ ಕಪ್ಪು, ಇನ್ನೊಂದರ ಮೇಲೆ ಭಜಿಯ ತಟ್ಟೆ. ಎರಡನ್ನೂ ಚೆಲ್ಲದೆ ಓಡುವುದು ಹೇಗೆಂದು ಯೋಚಿಸುವಷ್ಟರಲ್ಲಿ ಹೆದರಿಕೆ ಅರ್ಧಕ್ಕಿಳಿದಿತ್ತು. ಗಿಳಿಗೆ ನನ್ನ ಕಿವಿಗಿಂತ ಪೇಪರು ರುಚಿ ಎಂದು ತಿಳಿದು ಉಳಿದರ್ಧವೂ ಕೊಂಚ ಇಳಿಯಿತು.

ಹುಟ್ಟುಹಬ್ಬದ ಭಾನುವಾರ ಬಂದೇ ಬಂತು. ಏಳು ಹುಡುಗಿಯರು ಸಾಲಾಗಿ ಕೂತರು. ತೆಲುಗು, ಹಿಂದಿ, ಇಂಗ್ಲಿಷು ಎಲ್ಲದರಲ್ಲೂ ನನ್ನ ಶೌರ್ಯವನ್ನು ಗೌರಿ ವರ್ಣಿಸಿದಳು. ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಅಳೆದುಕೊಂಡೆ. ಪಂಜರದ ಬಾಗಿಲು ತೆಗೆದು ಬೆರಳು ಚಾಚಿದೆ. ಮುಖ ತಿರುಗಿಸಲಿಲ್ಲ, ಕಣ್ಣು ಮಾತ್ರ ಮುಚ್ಚಿದೆ. ಬೆರಳ ಮೇಲೆ ಎರಡು ತಣ್ಣನೆಯ ಕಾಲು. ಆಮೇಲೆ ಮೊಣಕೈ, ತೋಳು, ಹೆಗಲು. ಎಡ ಹೆಗಲೇ! ಕಿವಿಯ ಪಕ್ಕದಲ್ಲಿ ಅದರ ಉಸಿರು. ಅದು ಹಳೆಯ ಕಚ್ಚನ್ನು ಕೊಕ್ಕಿನಿಂದ ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿ, ಕೂದಲು ಹೆಕ್ಕತೊಡಗಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಕಣ್ಣು ತೆರೆದೆ. ಯಾರಿಗೂ ಬಗ್ಗದ ಗಿಳಿ ನನ್ನ ವ್ಯಕ್ತಿತ್ವದ ಬಲದಿಂದಲೇ ಪಳಗಿತು ಎಂದು ನನಗೆ ಅಷ್ಟರಲ್ಲಿ ಖಚಿತವಾಗಿತ್ತು.

ಎಲ್ಲರೂ ಹೋದ ಮೇಲೆ ಖುರ್ಚಿ ಸರಿಸುವಾಗ ಫರಸಿಯ ಮೇಲಿನ ಅಂಕಿ ಕಂಡಿತು. ಪಂಜರದ ಬುಡದಲ್ಲಿ ಹನ್ನೆರಡು, ಅದರ ಹಿಂದೆ ಹನ್ನೊಂದು, ಹತ್ತು. ಹೊಸ್ತಿಲ ಹತ್ತಿರ ಒಂದು. ಪ್ರತಿ ಅಂಕಿಯ ಪಕ್ಕದಲ್ಲಿ ಖುರ್ಚಿಯ ನಾಲ್ಕು ಕಾಲುಗಳಿಗೆ ನಾಲ್ಕು ಗುರುತು. ಇದೇನು ಎಂದು ಕೇಳಿದೆ. ಗೌರಿ ಅವ್ವನ ಮುಖ ನೋಡಿದಳು. ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು. "ಗಿಳಿ ಬಂದ ಮರುದಿನಾನ ನನ್ನ ಕೈಮ್ಯಾಲ ಕುಂತಿತ್ತಪ್ಪಾ. ಅದು ಮಾಮಾನ ಗೆಳೆಯಾನ ಮನ್ಯಾಗ ಪಳಗಿದ್ದ ಗಿಳಿ. ಇವು ಗಿಳೀದಲ್ಲ, ನಿನ್ನ ನಂಬರ್" ಎಂದಳು ಗೌರಿ. ಆಮೇಲೆ ನನಗೆ ನೋವಾಗಬಾರದೆಂದು ದನಿ ತಗ್ಗಿಸಿ, "ಗಿಳಿ ನಿನ್ನ ಕಿವಿ ಕಚ್ಚಿದ್ದು ಬೀದರದ ಅಜ್ಜಿ ಯಾವಾಗೋ ಹೇಳ್ಯಾಳ. ಆದ್ರ ನಿನ್ನ ಕಥಿನ ಛಂದ ಐತಿ" ಎಂದಳು.

ನನಗೆ ನಾಚಿಕೆಯಾಯಿತು. ಏಳು ವರ್ಷ ಬೆನ್ನ ಮೇಲೆ ಹೊತ್ತ ಸುಳ್ಳನ್ನು ಯಾರೋ ಎಂದೋ ಇಳಿಸಿಕೊಂಡಿದ್ದಾರೆ, ನಾನು ಸುಮ್ಮನೆ ಬಗ್ಗಿ ನಡೆಯುತ್ತಿದ್ದೆ ಎಂದು ತಿಳಿದು ಒಂದು ಬಗೆಯ ಹಗುರವೂ ಆಯಿತು. ಮೋಸ ಮಾಡಿದಿರಿ ಎಂದು ರೇಗಬೇಕೆನಿಸಿತು, ಆದರೆ ಬಾಯಲ್ಲಿ ಅವಳ ಹುಟ್ಟುಹಬ್ಬದ ಕೇಕು ಇತ್ತು.

ಮುಂದಿನ ಶನಿವಾರ ಸಂಜೆ, "ಗಚ್ಚಿಬೌಲಿ ಕಡೆ ಸುಮ್ನ ಒಂದೀಟು ಅಡ್ಡಾಡಿ ಬರೋಣ್ರೀ" ಎಂದಳು ಸುಮಂಗಲಾ. ಸುಮ್ಮನೆ ಅಡ್ಡಾಡುತ್ತ ಅಡ್ಡಾಡುತ್ತ ಅವಳು ಮನೆ ನೋಡಿ ಬಂದಿದ್ದ ಹೊಸ ಕಟ್ಟಡದ ಒಳಗೆ ಬಂದಿದ್ದೆವು. ಎದುರಿಗೆ ಬಾಗಿಲು ತೆರೆದ ಲಿಫ್ಟು. ಗೌರಿ ಆಗಲೇ ಒಳಗೆ ಹೋಗಿ, ಬಾಗಿಲು ಮುಚ್ಚದಂತೆ ಗುಂಡಿ ಒತ್ತಿ ಹಿಡಿದು ನಿಂತಿದ್ದಳು. "ಇವತ್ತು ಒಂದನೇ ಮಹಡಿ ಅಷ್ಟ, ಅಪ್ಪಾ" ಎಂದಳು. ಅವಳ ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣವಿತ್ತು. ಅವಳು ನನ್ನ ಕಣ್ಣಿಗೆ ಕಣ್ಣು ಕೊಡದೆ, ನನ್ನ ಗುರುತೇ ಇಲ್ಲದವಳಂತೆ, ಲಿಫ್ಟಿನ ಗೋಡೆಯನ್ನು ನೋಡುತ್ತಿದ್ದಳು. ಕೈ ತಾನಾಗಿ ಕಿವಿಗೆ ಹೋಯಿತು. ಅದನ್ನು ಕೆಳಗಿಳಿಸಿ, ಬೇರೆ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ನಾನು ಒಂದು ಕಾಲು ಒಳಗಿಟ್ಟೆ.