ತಲಾಸ್‌ಗೆ ತೊಟ್ಟಿಲು ಹೊತ್ತ ಮೂರು ಚಕ್ರದ ಮಹನೀಯರಿಗೆ

ಮಾನ್ಯ ಮೋಟಾರ್‌ಸೈಕಲ್ ಮಹಾಶಯರೇ,

ಅತ್-ಬಾಶಿ ಹಳ್ಳಿಯ ಮುಕಂಬೆಟ್ ಅವರ ಹೆಂಡತಿ, ಜಿಪರ್‌ಳ ತಾಯಿ, ಇದೀಗ ಒಂದು ಗಂಡು ಕೂಸಿಗೆ ಅಜ್ಜಿಯೂ ಆಗಿರುವ ಬುರುಲ್ ಎಂಬ ನಾನು ತಮ್ಮ ಮುಂದಿನ ದೀಪಕ್ಕೂ, ಹಿಂದೆ ಎಂದೋ ಇದ್ದ ದೀಪದ ನೆನಪಿಗೂ ತಲೆಬಾಗಿ ಸಲಾಮು ಸಲ್ಲಿಸುತ್ತೇನೆ. ತಮ್ಮ ಎರಡೂ ಸಿಲಿಂಡರುಗಳು ಬೆಚ್ಚಗಿರಲಿ, ಮೂರೂ ಚಕ್ರಗಳಲ್ಲಿ ಗಾಳಿ ನಿಂತಿರಲಿ. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ನಾನು ಈ ಪತ್ರ ಬರೆಯುತ್ತಿರುವ ಕಿಟಕಿಯಾಚೆಯೇ ತಾವು ಸೇಬಿನ ಮರದ ನೆರಳಲ್ಲಿ ವಿಶ್ರಮಿಸುತ್ತಿದ್ದೀರಿ ಮತ್ತು ತಮ್ಮ ಸೀಟಿನ ಮೇಲೆ ಬೀಗರ ಮನೆಯ ಕೋಳಿಯೊಂದು ಅಧಿಕಾರದಿಂದ ಕೂತಿದೆ.

ಮೂವತ್ತೊಂದು ವರ್ಷ ನಮ್ಮೂರ ಅಂಚೆ ಕಚೇರಿಯಲ್ಲಿ ಕೂತು ಊರಿನವರ ದೂರುಗಳನ್ನೆಲ್ಲ ಬರೆದುಕೊಟ್ಟ ಕೈ ಇದು. ಕುರಿ ಕಳೆದುಕೊಂಡವರದು, ಕಾಲುವೆ ನೀರು ಬಾರದವರದು, ಪಕ್ಕದ ಮನೆಯ ನಾಯಿಯ ಮೇಲೆ ಸಿಟ್ಟಾದವರದು, ಎಲ್ಲವನ್ನೂ 'ಮಾನ್ಯರೇ' ಎಂದು ಶುರುಮಾಡಿ ಮರ್ಯಾದೆಯಿಂದ ಮುಗಿಸಿದ್ದೇನೆ. ನನ್ನದೇ ಆದ ದೂರನ್ನು ಬರೆಯುತ್ತಿರುವುದು ಇದೇ ಮೊದಲು. ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಊರಿಗೆ ಹೋದ ಮೇಲೆ ಇದನ್ನು ಅಂಗಡಿಯ ಬಾಗಿಲಿಗೆ ಅಂಟಿಸುವವಳಿದ್ದೇನೆ. ತಮಗೆ ಓದಲು ಬಾರದಿದ್ದರೂ ಓದಬೇಕಾದವರೊಬ್ಬರು ಉಪ್ಪು ತರಲು ಅಲ್ಲಿಗೆ ಬಂದೇ ಬರುತ್ತಾರೆ.

ತಾವು ನನ್ನ ಸಂಸಾರಕ್ಕೆ ನನಗಿಂತ ಮೊದಲು ಬಂದವರು, ವಯಸ್ಸಿನಲ್ಲೂ ಎರಡು ವರ್ಷ ಹಿರಿಯರು. ನನ್ನ ಮಾವನವರು ಕುರಿ ಚೆನ್ನಾಗಿ ಸಾಕಿದ್ದಕ್ಕೆ ಸಾಮೂಹಿಕ ಬೇಸಾಯದ ಕಾಲದಲ್ಲಿ ಬಹುಮಾನವಾಗಿ ಪಡೆದ ತಮ್ಮನ್ನು ನನ್ನ ಯಜಮಾನರು ಮನೆದೇವರಂತೆ ನೋಡಿಕೊಂಡರು. ಚಳಿಗಾಲದಲ್ಲಿ ನಾನು ತವರಿನಿಂದ ತಂದ ಉಣ್ಣೆಯ ಹಾಸನ್ನು ತಮಗೆ ಹೊದೆಸಿ, ನನಗೆ ಅವರ ಹಳೆಯ ಕೋಟನ್ನು ಕೊಟ್ಟರು. ನಾನು ಕೆಮ್ಮಿದರೆ ಒಂದು ಲೋಟ ಚಹಾ, ತಾವು ಕೆಮ್ಮಿದರೆ ಇಡೀ ದಿನದ ಉಪಚಾರ. ಇಷ್ಟಾದರೂ ನಾನು ಹೊಟ್ಟೆಕಿಚ್ಚು ಪಟ್ಟವಳಲ್ಲ, ಏಕೆಂದರೆ ನನ್ನ ಮಗಳು ಹತ್ತು ವರ್ಷ ತಮ್ಮ ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನಲ್ಲಿ ಕೂತು ಶಾಲೆಗೆ ಹೋದಳು, ಅಪ್ಪ ಮಗಳಿಬ್ಬರೂ ಗಂಟಲು ಹರಿಯುವಂತೆ ಹಾಡಿಕೊಂಡು. ಆ ಹಾಡು ಅಂಚೆ ಕಚೇರಿಯವರೆಗೂ ಕೇಳುತ್ತಿತ್ತು.

ಈಗ ದೂರಿನ ಮೊದಲ ಭಾಗಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದೆ ಜಿಪರ್ ತಲಾಸ್‌ನ ಎರ್ಮೆಕ್ ಎಂಬ ಹುಡುಗನನ್ನು ತಾನೇ ಆರಿಸಿಕೊಂಡು, ಮದುವೆಯ ದಿನವನ್ನೂ ತಾನೇ ಗೊತ್ತುಮಾಡಿಕೊಂಡು ಫೋನಿನಲ್ಲಿ ತಿಳಿಸಿದಾಗ, ಆ ಔತಣಕ್ಕೆ ನಾವು ತಮ್ಮ ಮೇಲೇರಿಯೇ ಹೊರಟಿದ್ದೆವು. ತಾವು ನಾರಿನ್ ಪೇಟೆ ದಾಟುವ ಮೊದಲೇ ಉಸಿರು ನಿಲ್ಲಿಸಿದಿರಿ. ನಾನು ಹೊಸ ರೇಷ್ಮೆಯ ತಲೆವಸ್ತ್ರ ಕಟ್ಟಿಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಸಂಜೆಯವರೆಗೆ ಕೂತಿದ್ದೆ. ನನ್ನ ಯಜಮಾನರು ತಮ್ಮನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿ, "ಹೋಯ್ತು ಕಣೇ, ಇದರ ಕಥೆ ಮುಗೀತು," ಎಂದರು. ಬಸ್ಸು ಹಿಡಿದು ನಾನೊಬ್ಬಳೇ ಹೋಗುತ್ತೇನೆಂದರೆ, "ಅಪ್ಪ ಇಲ್ದೆ ಅಮ್ಮ ಒಬ್ಳೇ ಬಂದ್ಲು ಅಂತ ಬೀಗರು ಆಡ್ಕೊಳಲ್ವಾ?" ಎಂದು ಬಾಯಿ ಮುಚ್ಚಿಸಿದರು. ಯಾರದೋ ಕುದುರೆ ತಮ್ಮನ್ನು ಊರಿಗೆ ಎಳೆದು ತಂದಿತು. ನನ್ನ ಒಬ್ಬಳೇ ಮಗಳ ಮದುವೆಯನ್ನು ನಾನು ನೋಡಲಿಲ್ಲ.

ಮರುದಿನವೇ ತಾವು ಹುಲ್ಲು ತರಲು ಹೋಗಿ ಎಳೆಗರುವಿನಂತೆ ಓಡಿದಿರಿ. ದೂರದ ದಾರಿ ತಮ್ಮ ದೇಹಕ್ಕೆ ಒಗ್ಗದೆಂದು ನಾನು ನಂಬಿದೆ. ಅಂದಿನಿಂದ ಮಗಳು ನನಗೆ ಮಾತ್ರ ಫೋನ್ ಮಾಡುತ್ತಾಳೆ, ಅಪ್ಪನನ್ನು ಕರೆ ಎನ್ನುವುದಿಲ್ಲ, ಪ್ರತಿ ಸಲ ಕೊನೆಗೊಂದೇ ಪ್ರಶ್ನೆ, "ಅಮ್ಮಾ, ಗಾಡಿ ಸರಿಹೋಯ್ತಾ?" ನಾನು ಪೆದ್ದಿ, "ಊರೊಳಗೆ ಓಡುತ್ತಮ್ಮ, ದೂರ ಅಂದ್ರೆ ಆಗಲ್ಲ," ಎಂದು ಮೂರು ವರ್ಷ ತಮ್ಮ ಆರೋಗ್ಯದ ವರದಿ ಒಪ್ಪಿಸುತ್ತಾ ಬಂದೆ.

ಹೀಗಿರುವಾಗ ಮೊಮ್ಮಗ ಹುಟ್ಟಿದ. ತೊಟ್ಟಿಲು ತಾಯಿಯ ತವರಿನಿಂದಲೇ ಹೋಗಬೇಕು, ನಲವತ್ತನೆಯ ದಿನ ನಲವತ್ತು ಚಮಚ ನೀರು ಹೊಯ್ದು ಕೂಸನ್ನು ಅದರಲ್ಲಿ ಮಲಗಿಸಬೇಕು. ಆ ದಿನ ತೊಟ್ಟಿಲು ತಲುಪದಿದ್ದರೆ ನನ್ನ ಮಗಳು ಆ ಮನೆಯ ಹೆಂಗಸರ ಮುಂದೆ ತವರಿಲ್ಲದವಳಾಗುತ್ತಾಳೆ. ನಲವತ್ತನೆಯ ದಿನ ಶುಕ್ರವಾರ. ಈ ಸಲ ಏನೇ ಆದರೂ ಹೋಗುವವಳೇ ಎಂದು ನಾನು ಹಟ ಹಿಡಿದಾಗ, ಎರಡು ದಿನ ಮಾತು ಬಿಟ್ಟಿದ್ದ ನನ್ನ ಯಜಮಾನರು ಮೂರನೆಯ ದಿನ, "ಹೋಗೋದಾದ್ರೆ ನಮ್ ಗಾಡೀಲೇ ಹೋಗೋಣ," ಎಂದರು. ಕಲ್ಲು ಕರಗಿತೆಂದು ನಾನು ಹಿಗ್ಗಿಹೋದೆ.

ಜಿಪರ್ ಮಲಗಿದ್ದ ಅದೇ ಕೆಂಪು ಬಣ್ಣದ ತೊಟ್ಟಿಲನ್ನು ಒರೆಸಿ, ಸೈಡ್‌ಕಾರಿನಲ್ಲಿಟ್ಟು ಹಗ್ಗ ಬಿಗಿದು, ಸೋಮವಾರ ಹೊರಡುವಷ್ಟರಲ್ಲಿ ಪಕ್ಕದ ಮನೆಯ ಸೋನುನ್ ಓಡಿಬಂದು ಎದೆ ಬಡಿದುಕೊಂಡಳು. "ಅಯ್ಯೋ ಖಾಲಿ ತೊಟ್ಲು! ಖಾಲಿ ತೊಟ್ಲು ತೂಗಿದ್ರೆ ಕೂಸಿಗೆ ಆಗಲ್ಲ, ಗೊತ್ತಿಲ್ವಾ ನಿಂಗೆ?" ಗೊತ್ತಿಲ್ಲದೆ ಏನು! ಆದರೆ ತಮ್ಮ ಸ್ಪ್ರಿಂಗುಗಳ ಮೇಲೆ ಕೂತ ಯಾವ ವಸ್ತುವೂ ತೂಗಾಡದೆ ಇರಲಾರದು. ಯಜಮಾನರು ಅದರೊಳಗೆ ಹಳೆಯ ಟ್ಯೂಬನ್ನು ತುರುಕಲು ಹೋದಾಗ, "ನನ್ನ ಮೊಮ್ಮಗ ಏನು ಟ್ಯೂಬಾ?" ಎಂದು ಕಿತ್ತೆಸೆದು, ಒಣ ಮೊಸರುಂಡೆಯ ದೊಡ್ಡದೊಂದು ಚೀಲವನ್ನು ಮಲಗಿಸಿ ತೊಟ್ಟಿಲ ಪಟ್ಟಿಗಳಿಂದ ಕಟ್ಟಿದೆ. ಚಾಯೆಕ್ ಹತ್ತಿರ ಅಡ್ಡಗಟ್ಟಿದ ಪೊಲೀಸಿನವನು ಇಣುಕಿ ನೋಡಿ, "ಕೂಸು ಬಹಳ ಬೆಳ್ಳಗಿದೆ, ಆದ್ರೆ ಮೂಳೆ ಸದ್ದು ಮಾಡ್ತಿದೆ ಎಜೆ," ಎಂದು ನನ್ನನ್ನು ಅಕ್ಕನಂತೆ ಕರೆದು, ಎರಡು ಉಂಡೆ ಬಾಯಿಗೆ ಹಾಕಿಕೊಂಡು ಬಿಟ್ಟುಕೊಟ್ಟ.

ಇನ್ನು ದಾರಿಯಲ್ಲಿ ತಾವು ತೋರಿದ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಸಾಮಾನ್ಯ ಗಾಡಿಗಳು ಎಲ್ಲೆಂದರಲ್ಲಿ ಕೆಟ್ಟು ನಿಲ್ಲುತ್ತವೆ, ತಾವು ಜಾಗ ನೋಡಿ ನಿಲ್ಲುವವರು. ಸೋಮವಾರ ತಾವು ನಿಂತದ್ದು ನನ್ನ ಯಜಮಾನರ ಸೈನ್ಯದ ದಿನಗಳ ಗೆಳೆಯನ ಬಾಗಿಲಿನಿಂದ ನೂರು ಹೆಜ್ಜೆಯಲ್ಲಿ. ಅವರು ಕುರಿ ಕಡಿಯದೆ ಬಿಡಲಿಲ್ಲ, ಕಡಿದ ಮೇಲೆ ತಿನ್ನದೆ ಏಳುವಂತಿಲ್ಲ, ಒಂದು ದಿನ ಹೋಯಿತು. ಬುಧವಾರ ಜುಮ್‌ಗಾಲ್ ಬಯಲಿನಲ್ಲಿ, ಹುಲ್ಲು ಕೊಯ್ಯುವವರು ಊಟಕ್ಕೆ ಕೂತಿದ್ದ ಎದುರಿಗೇ ನಿಂತಿರಿ. ಗುರುವಾರ ಸೂಸಾಮಿರ್‌ನಲ್ಲಿ, ಹುದುಗಿದ ಕುದುರೆ ಹಾಲು ಮಾರುವ ಡೇರೆಗಳ ಸಾಲಿನಲ್ಲಿ, ಅದೂ ಅತಿ ಚೆನ್ನಾಗಿ ಹುದುಗಿಸುವವಳ ಡೇರೆಯ ಮುಂದೆ. ಪ್ರತಿ ಮನೆಯವರಿಗೂ ಯಜಮಾನರು ತೊಟ್ಟಿಲಿನಿಂದ ಮೊಸರುಂಡೆ ತೆಗೆದು ಧಾರಾಳವಾಗಿ ಹಂಚಿದರು. ಪ್ರತಿ ಸಲವೂ ನಿಟ್ಟುಸಿರು ಬಿಟ್ಟು, "ಇದು ದೂರ ಹೋಗೋ ಗಾಡಿ ಅಲ್ಲ ಬುರುಲ್. ತೊಟ್ಲನ್ನ ಬಸ್ಸಲ್ಲಿ ಕಳಿಸಿ ವಾಪಸ್ ಹೋಗೋಣ," ಎಂದರು. ಪ್ರತಿ ಸಲವೂ ನಾನು ಒಲ್ಲೆನೆಂದು ತೊಟ್ಟಿಲು ಹಿಡಿದು ಕೂತ ಮೇಲೆ ತಾವು ಒಂದೇ ಒದೆತಕ್ಕೆ ಏನೂ ಆಗದವರಂತೆ ಎದ್ದಿರಿ. ಇಂಥ ಕಾಯಿಲೆಯನ್ನು ನಾನು ಪರೀಕ್ಷೆಯ ದಿನದ ಶಾಲಾ ಮಕ್ಕಳಲ್ಲಿ ಮಾತ್ರ ಕಂಡಿದ್ದೆ.

ಶುಕ್ರವಾರ ಬೆಳಿಗ್ಗೆ, ಎದುರಿಗೆ ಓಟ್‌ಮೊಕ್ ಕಣಿವೆಯ ಏರು, ಅದರಾಚೆ ತಲಾಸ್. ತಾವು ಮತ್ತೆ ನಿಂತಿರಿ. ಆದರೆ ಆ ದಿನ ತಮ್ಮ ಲೆಕ್ಕ ತಪ್ಪಿತು. ಅಲ್ಲಿ ಗೆಳೆಯರಿರಲಿಲ್ಲ, ಡೇರೆಗಳಿರಲಿಲ್ಲ, ಶರ್ಶೆನ್ ಎಂಬ ಮುದುಕ ಮೆಕ್ಯಾನಿಕ್ಕಿನ ತಗಡಿನ ಶೆಡ್ಡು ಮಾತ್ರ ಇತ್ತು. ಯಜಮಾನರು ಬೇಡ ಬೇಡವೆಂದರೂ ಕೇಳದೆ ನಾನು ಅವನನ್ನು ಕೈಹಿಡಿದು ಕರೆತಂದೆ. ಅವನು ಕುಕ್ಕರುಗಾಲಿನಲ್ಲಿ ಕೂತು, ತಮ್ಮ ಎಡಗಡೆ ಪೆಟ್ರೋಲ್ ಟ್ಯಾಂಕಿನ ಅಡಿಗೆ ಕೈ ಹಾಕಿ, ಏನನ್ನೋ ತಿರುಗಿಸಿ, ಒಂದು ಒದೆತ ಕೊಟ್ಟ. ತಾವು ಗುಡುಗಿದಿರಿ.

"ಗಾಡೀಲಿ ಏನೂ ಇಲ್ಲ ಎಜೆ. ಟ್ಯಾಂಕಿಂದ ಪೆಟ್ರೋಲ್ ಬಿಡೋ ನಲ್ಲಿ ಮುಚ್ಚಿತ್ತು, ಅಷ್ಟೇ," ಎಂದ. ಕುಲುಕಾಟಕ್ಕೆ ತಾನಾಗಿ ಮುಚ್ಚಿಕೊಂಡಿರಬಹುದೇ ಎಂದು ಕೇಳಿದೆ. "ತಾನಾಗಿ? ಇದಕ್ಕೆ ತುಕ್ಕು ಹಿಡಿದು ನನ್ ಕೈಗೇ ಕಷ್ಟ ಆಯ್ತು. ಯಾರೋ ಒಳ್ಳೆ ಬಲ ಹಾಕಿ ತಿರುಗ್ಸಿದಾರೆ. ಮುಚ್ಚಿದ್ ಮೇಲೂ ಒಳಗೆ ಉಳಿದಿರೋ ಗುಟುಕಲ್ಲಿ ಒಂದಷ್ಟು ದೂರ ಓಡುತ್ತೆ, ಆಮೇಲೆ ನಿಲ್ಲುತ್ತೆ. ಎಲ್ಲಿ ನಿಲ್ಬೇಕು ಅಂತ ಗೊತ್ತಿರೋರಿಗೆ ಸುಲಭ," ಎಂದು ಹೇಳಿ, ನನ್ನ ಯಜಮಾನರ ಮುಖ ನೋಡಿದವನೇ ತನ್ನ ಶೆಡ್ಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಅವನಷ್ಟು ತಿಳಿವಳಿಕೆಯ ಇನ್ನೊಬ್ಬ ಮನುಷ್ಯನನ್ನು ನಾನು ಆ ದಾರಿಯಲ್ಲಿ ಕಾಣಲಿಲ್ಲ.

ನಾನು ಹಿಂದಿನ ಸೀಟಿನವಳು. ಮುಂದಿರುವವರ ಬೆನ್ನು ಬಿಟ್ಟು ನನಗೆ ಬೇರೇನೂ ಕಾಣುವುದಿಲ್ಲ. "ಮದುವೆ ದಿನಾನೂ ನೀವೇನಾ?" ಎಂದು ಕೇಳಿದೆ. ಅವರು ಬೂಟು ನೋಡಿಕೊಳ್ಳುತ್ತಾ "ಹೂಂ" ಎಂದರು. "ಅವಳು ನನ್ನ ಒಂದ್ ಮಾತು ಕೇಳ್ಲಿಲ್ಲ ಬುರುಲ್. ನಾಳೆ ಮಳೆ ಬರುತ್ತೆ ಅನ್ನೋ ಹಾಗೆ ಫೋನಲ್ಲಿ ಹೇಳಿದ್ಲು. ಸಿಟ್ಟು ಬಂತು, ನಲ್ಲಿ ಮುಚ್ಚಿದೆ. ಸಿಟ್ಟು ಒಂದ್ ವಾರದಲ್ಲಿ ಹೋಯ್ತು. ಆಮೇಲೆ ಬರೀ ನಾಚಿಕೆ. ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ ಹೇಳು?" ಎಂದರು. ನನಗೆ ಅವರ ಗಡ್ಡ ಹಿಡಿದು ಎಳೆಯಬೇಕೆನಿಸಿತು, ಅಳುವೂ ಬಂತು. "ಇರೋ ಮುಖಾನೇ ಹೊತ್ಕೊಂಡು ಬನ್ನಿ. ಬೇರೆ ಎಲ್ಲಿಂದ ತರ್ತೀರಾ?" ಎಂದು ಅವರನ್ನು ಸೈಡ್‌ಕಾರಿಗೆ ನೂಕಿ, ತೊಟ್ಟಿಲನ್ನು ಅವರ ತೊಡೆಯ ಮೇಲಿಟ್ಟು, ತಮ್ಮ ಹ್ಯಾಂಡಲ್ ಹಿಡಿದವಳು ನಾನು. ಅಂಚೆಯವನು ಕುಡಿದು ಮಲಗಿದ ದಿನಗಳಲ್ಲಿ ಕಚೇರಿಯ ಮೂರು ಚಕ್ರದ ಗಾಡಿಯನ್ನು ಹಿಮದಲ್ಲಿ ಓಡಿಸಿದ್ದೆ. ತಮ್ಮನ್ನು ಮಾತ್ರ ಯಜಮಾನರು ನಲವತ್ತು ವರ್ಷ ಮುಟ್ಟಗೊಟ್ಟಿರಲಿಲ್ಲ.

ಹೊರಡುವಾಗ ನೋಡಿದರೆ ತೊಟ್ಟಿಲು ಬರಿದು. ಮೊಸರುಂಡೆಯೆಲ್ಲ ಹಂಚಿ ಮುಗಿದಿತ್ತು. ನಾನು ಸುತ್ತ ನೋಡಿದೆ. ಕಲ್ಲು ಬಿಟ್ಟರೆ ಬೇರೇನಿಲ್ಲ. ಆಗ ನನ್ನ ಯಜಮಾನರು ತಲೆಯ ಮೇಲಿನ ಬಿಳಿ ಉಣ್ಣೆಯ ಕಲ್ಪಾಕ್ ತೆಗೆದರು. ನಮ್ಮ ಗಂಡಸರು ಆ ಟೊಪ್ಪಿಯನ್ನು ನೆಲಕ್ಕಿಡುವುದಿಲ್ಲ, ಇನ್ನೊಬ್ಬರಿಗೆ ಕೊಡುವುದಿಲ್ಲ, ಆಡುವ ಮಕ್ಕಳ ಕೈಗೂ ಸಿಗಗೊಡುವುದಿಲ್ಲ. ಅದನ್ನು ಎರಡು ಕೈಯಲ್ಲಿ ಹಿಡಿದು ತೊಟ್ಟಿಲಿನಲ್ಲಿ ಮಲಗಿಸಿ ಪಟ್ಟಿ ಕಟ್ಟಿದರು. ಕಣಿವೆಯ ತುದಿಯ ಚಳಿಗಾಳಿಯಲ್ಲಿ ಅವರ ಬೋಳು ತಲೆ ಕೆಂಪಗಾದರೂ ಕೈ ತೊಟ್ಟಿಲು ಬಿಡಲಿಲ್ಲ. ತಾವು, ಮಹಾಶಯರೇ, ಆ ಏರನ್ನು ಒಂದೇ ಒಂದು ಸಲ ಕೆಮ್ಮದೆ ಹತ್ತಿದಿರಿ, ಮತ್ತು ಅದಕ್ಕಾಗಿ ನನಗೆ ತಮ್ಮ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮೂರು ಗಂಟೆಗೆ ಬೀಗರ ಅಂಗಳ ತಲುಪಿದಾಗ ನೀರು ಕಾದು ಆರಿ, ಮತ್ತೆ ಕಾಯಿಸಿದ್ದರು. ಹೆಂಗಸರೆಲ್ಲ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಜಿಪರ್ ಹೊರಗೆ ಬಂದಳು. ಅಪ್ಪನನ್ನು ನೋಡಲಿಲ್ಲ. ನೇರ ತಮ್ಮ ಹತ್ತಿರ ಬಂದು ಟ್ಯಾಂಕಿನ ಮೇಲೆ ಕೈಯಿಟ್ಟು, "ಏನಪ್ಪಾ, ಸರಿಹೋದ್ಯಾ? ಮೂರು ವರ್ಷ ಬೇಕಾಯ್ತಾ ರಿಪೇರಿಗೆ?" ಎಂದಳು. ನನ್ನ ಯಜಮಾನರು ತೊಟ್ಟಿಲನ್ನು ಅಪ್ಪಿಕೊಂಡೇ ಸೈಡ್‌ಕಾರಿನಿಂದ ಹೇಳಿದರು, "ಗಾಡಿ ಕೆಟ್ಟಿರ್ಲಿಲ್ಲ ಮಗಳೇ. ನಲ್ಲಿ ಮುಚ್ಚಿತ್ತು. ನಾನೇ ಮುಚ್ಚಿದ್ದೆ." ಅವಳು, "ಗೊತ್ತಿತ್ತು ಅತಾ," ಎಂದಳು. ಮೂರು ವರ್ಷದ ಮೇಲೆ ಅಪ್ಪನನ್ನು ಅತಾ ಎಂದು ಕರೆದದ್ದು ಆಗಲೇ. ಪಟ್ಟಿ ಬಿಚ್ಚಿ, ಕಲ್ಪಾಕ್ ತೆಗೆದು, ಧೂಳು ಕೊಡವಿ ಅವರ ತಲೆಯ ಮೇಲಿಟ್ಟು, ಅದು ಬೆಚ್ಚಗಿದ್ದ ಜಾಗದಲ್ಲಿ ನಲವತ್ತು ಚಮಚ ನೀರು ಹೊಯ್ದ ಕೂಸನ್ನು ತಂದು ಮಲಗಿಸಿದಳು. ನಾನು ತಮ್ಮ ಹಿಂದೆ ಬಗ್ಗಿ ಚಕ್ರ ಪರೀಕ್ಷಿಸುವವಳಂತೆ ನಟಿಸಿ ಕಣ್ಣೊರೆಸಿಕೊಂಡೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಕೆಡದೆಯೇ ಕೆಟ್ಟವರೆಂಬ ಹೆಸರು ಹೊತ್ತು ಮೂರು ವರ್ಷ ಸುಮ್ಮನಿದ್ದಿರಲ್ಲ, ಆ ಸ್ವಾಮಿನಿಷ್ಠೆಗೆ ಪದಕವಿದ್ದರೆ ನಾನೇ ಅರ್ಜಿ ಬರೆದುಕೊಡುತ್ತೇನೆ. ಅದಕ್ಕೆ ಬದಲಾಗಿ, ಆ ಮದುವೆಯ ದಿನ ತಾವು ಪೂರ್ಣ ಆರೋಗ್ಯದಲ್ಲಿದ್ದಿರೆಂದು ತಮ್ಮ ಟೈರಿನ ಮುದ್ರೆ ಒತ್ತಿದ ಪ್ರಮಾಣಪತ್ರವೊಂದನ್ನು ನನಗೆ ದಯಪಾಲಿಸಬೇಕು. ಸಾಧ್ಯವಾದರೆ ಆ ದಿನವನ್ನೇ, ಅದರ ಹಾಡು, ಕುಣಿತ, ಮಾಂಸದ ಸಾರಿನ ಸಮೇತ, ತಮ್ಮ ಸೈಡ್‌ಕಾರಿನಲ್ಲಿಟ್ಟು ಹಿಂದಕ್ಕೆ ತಂದುಕೊಡಬೇಕು. ಇನ್ನು ಮುಂದೆ ಯಾರಾದರೂ ಗುಟ್ಟಾಗಿ ನಲ್ಲಿಗೆ ಕೈ ಹಾಕಿದರೆ ತಾವಾಗಿಯೇ ಹಾರ್ನ್ ಹೊಡೆಯಬೇಕು. ಮೊದಲು ಹಾರ್ನ್ ಒಂದನ್ನು ಬೆಳೆಸಿಕೊಳ್ಳಬೇಕಾದೀತು. ಮತ್ತು ನನ್ನ ತವರಿನ ಹಾಸನ್ನು ಈ ಚಳಿಗಾಲಕ್ಕೆ ಮೊದಲೇ ಮರಳಿಸಬೇಕು. ಅದರ ಬದಲಿಗೆ ಆ ಹಳೆಯ ಕೋಟನ್ನು ತಮಗೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಇಷ್ಟು ದಿನ ಹಿಂದಿನ ಸೀಟಿನಲ್ಲಿದ್ದು, ಇನ್ನು ಮುಂದೆ ಮುಂದಿನ ಸೀಟಿನಲ್ಲಿರುವ,
ತಮ್ಮ ವಿಶ್ವಾಸಿ,
ಬುರುಲ್

ತಾ.ಕ.: ಊರಿಗೆ ಹೊರಡಬೇಕೆಂದು ಇಂದು ಬೆಳಿಗ್ಗೆ ಗಂಟು ಕಟ್ಟಿ ಬಂದರೆ, ಎಷ್ಟು ಒದ್ದರೂ ತಾವು ಏಳಲಿಲ್ಲ. ನನ್ನ ಯಜಮಾನರು ಎರಡೂ ಕೈ ಎತ್ತಿ, "ಕೂಸಿನಾಣೆ ನಾನು ಮುಟ್ಟಿಲ್ಲ ಕಣೇ!" ಎಂದು ಕೂಗಿ, ಒಳಗೊಳಗೇ ಖುಷಿಯಾಗಿ ಮೊಮ್ಮಗನ ಹತ್ತಿರ ಓಡಿದರು. ಅವರು ಹೋದ ಮೇಲೆ ನಾನು ಬಗ್ಗಿ ನೋಡಿದೆ. ನಲ್ಲಿ ಬಿಗಿಯಾಗಿ ಮುಚ್ಚಿತ್ತು, ಅದರ ಮೇಲೆ ಹಸಿ ಹಿಟ್ಟು ಮೆತ್ತಿದ ಹೆಬ್ಬೆರಳಿನ ಗುರುತಿತ್ತು. ಈ ಮನೆಯಲ್ಲಿ ಇಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದವಳು ಜಿಪರ್ ಒಬ್ಬಳೇ. ಪತ್ರವನ್ನು ಅಂಗಡಿಯ ಬಾಗಿಲಿಗೆ ಅಂಟಿಸುವಾಗ ಈ ತುಂಡನ್ನು ಹರಿದು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹಿಟ್ಟನ್ನು ಒರೆಸಿದ್ದೇನೆ, ನಲ್ಲಿಯನ್ನು ತೆರೆದಿಲ್ಲ. ತಾವೂ ಯಾರಿಗೂ ಹೇಳಕೂಡದು; ಸುಮ್ಮನಿರುವುದು ತಮಗೆ ಚೆನ್ನಾಗಿ ಅಭ್ಯಾಸವಾಗಿದೆಯಲ್ಲ.